ಮೊದಲು ಹಾಡು ಕೇಳಿ: ಸಿಡ್ ಬ್ಯಾರೆಟ್‌ನ ರೆಕಾರ್ಡುಗಳು

ಕೇಳುಗರಿಗೆಲ್ಲ ನಮಸ್ಕಾರ.

ಇವತ್ತು ನಾನು ಮಾತಾಡುವುದು ಸಿಡ್ ಬ್ಯಾರೆಟ್ ಎಂಬ ಇಂಗ್ಲಿಷ್ ಹಾಡುಗಾರನ ಬಗ್ಗೆ. ಯಾರಪ್ಪಾ ಇವನು ಅಂತ ರೇಡಿಯೊ ಆರಿಸಬೇಡಿ. ಪಿಂಕ್ ಫ್ಲಾಯ್ಡ್ ಅನ್ನುವ ಹೆಸರು ಕೇಳಿರುತ್ತೀರಿ. ಕೇಳದಿದ್ದರೂ ಮನೆಯ ಹುಡುಗರ ಟೀ ಶರ್ಟಿನ ಮೇಲೆ ನೋಡಿರುತ್ತೀರಿ. ಕಪ್ಪು ಬಟ್ಟೆ, ನಡುವೆ ಒಂದು ತ್ರಿಕೋನದ ಗಾಜು, ಈ ಕಡೆಯಿಂದ ಬಿಳಿ ಬೆಳಕು ಒಳಗೆ ಹೋಗಿ ಆ ಕಡೆ ಕಾಮನಬಿಲ್ಲಾಗಿ ಬರುತ್ತದೆ. ಅದು 1973ರ ರೆಕಾರ್ಡಿನ ಹೊದಿಕೆ. ಆ ತಂಡಕ್ಕೆ ಹೆಸರಿಟ್ಟವನು, ಅದರ ಮೊದಲ ಹಾಡುಗಳನ್ನು ಬರೆದು ಹಾಡಿದವನು, ಅಷ್ಟು ಹೊತ್ತಿಗೆ ತಂಡದಿಂದ ಹೊರಗೆ ಬಂದು ಐದು ವರ್ಷ ಆಗಿತ್ತು. ಅವನೇ ಸಿಡ್.

ನಾನು ಗಿಟಾರ್ ಹೇಳಿಕೊಡುವ ಮೇಷ್ಟ್ರು. ನನ್ನ ಹತ್ತಿರ ಬರುವ ಹುಡುಗರಿಗೆ ಸಿಡ್ ಬ್ಯಾರೆಟ್ ಅಂದ ಕೂಡಲೇ ಒಂದೇ ಪ್ರಶ್ನೆ. "ಸರ್, ಅವನಿಗೆ ತಲೆ ಕೆಟ್ಟಿತ್ತಂತೆ, ಹೌದಾ?" ನಾನು ಕೇಳುತ್ತೇನೆ, ಅವನ ಹಾಡು ಕೇಳಿದ್ದೀಯೇನಪ್ಪಾ? ಇಲ್ಲ ಸರ್. ಒಂದಾದರೂ? ಇಲ್ಲ ಸರ್. ಮತ್ತೆ ತಲೆ ಕೆಟ್ಟ ವಿಷಯ ಹೇಗೆ ಗೊತ್ತು? ವಿಡಿಯೊ ನೋಡಿದೆ ಸರ್.

ಇದೇ ನನ್ನ ತಕರಾರು. ಅವನ ಬದುಕಿನ ಕಥೆ ಎಲ್ಲರಿಗೂ ಬೇಕು, ಹಾಡು ಯಾರಿಗೂ ಬೇಡ. ಅದಕ್ಕೇ ಇವತ್ತು ನಾನು ಒಂದೇ ಒಂದು ವಿಷಯ ಹೇಳುತ್ತೇನೆ. ಬೇರೆಲ್ಲ ಮರೆತರೂ ಇದನ್ನು ನೆನಪಿಟ್ಟುಕೊಳ್ಳಿ. ಸಿಡ್ ಬ್ಯಾರೆಟ್‌ನ ಹಾಡಿನಲ್ಲಿ ಮಾತು ಎಲ್ಲಿ ಮುಗಿಯುತ್ತದೋ ತಾಳವೂ ಅಲ್ಲೇ ಮುಗಿಯುತ್ತದೆ. ಅಷ್ಟೇ.

ಏನಿದು ಅಂತ ಈಗ ಬಿಡಿಸಿ ಹೇಳುತ್ತೇನೆ. ತೊಡೆಯ ಮೇಲೆ ಕೈ ತಟ್ಟಿ. ಗಾಡಿ ಓಡಿಸುತ್ತಿರುವವರು ಬೇಡ, ಉಳಿದವರು ತಟ್ಟಿ. ಒಂದು, ಎರಡು, ಮೂರು, ನಾಲ್ಕು. ಮತ್ತೆ ಒಂದು, ಎರಡು, ಮೂರು, ನಾಲ್ಕು. ನೀವು ಕೇಳಿದ ಬಹುಪಾಲು ರಾಕ್ ಹಾಡುಗಳು ಈ ನಾಲ್ಕರ ಲೆಕ್ಕದಲ್ಲೇ ಓಡುತ್ತವೆ. ಸಾಲಿನಲ್ಲಿ ಮಾತು ಬೇಗ ಮುಗಿದರೆ ಹಾಡುವವನು ಕಾಯುತ್ತಾನೆ. ಆ ಖಾಲಿ ಜಾಗವನ್ನು ಗಿಟಾರ್ ತುಂಬುತ್ತದೆ. ಮಾತು ಜಾಸ್ತಿಯಾದರೆ ಅವಸರದಲ್ಲಿ ಹೇಳಿ ಮುಗಿಸುತ್ತಾನೆ. ಲೆಕ್ಕ ತಪ್ಪುವ ಹಾಗಿಲ್ಲ. ಸಿಡ್‌ಗೆ ಈ ಕಟ್ಟು ಇಲ್ಲ. ಮೂರಕ್ಕೇ ಮಾತು ಮುಗಿಯಿತಾ? ಸರಿ, ಮುಂದಿನ ಸಾಲಿಗೆ ಹೋಗುತ್ತಾನೆ. ನಾಲ್ಕು ಸಾಲಲಿಲ್ಲವಾ? ಇನ್ನೆರಡು ಏಟು ತೆಗೆದುಕೊಳ್ಳುತ್ತಾನೆ.

ನಮ್ಮ ಗಮಕಿಗಳು ಕುಮಾರವ್ಯಾಸನನ್ನು ಹಾಡುವುದನ್ನು ನೀವು ಕೇಳಿದ್ದೀರಿ. ರಾಗ ಇರುತ್ತದೆ, ತಾಳ ಹಾಕುವವರು ಇರುವುದಿಲ್ಲ. ಅರ್ಥ ಎಲ್ಲಿ ನಿಲ್ಲುತ್ತದೋ ಅಲ್ಲಿ ಗಮಕಿ ನಿಲ್ಲುತ್ತಾರೆ. ಎಲ್ಲಿ ಎಳೆಯಬೇಕೋ ಅಲ್ಲಿ ಎಳೆಯುತ್ತಾರೆ. ಯಾರೂ ಅದನ್ನು ತಪ್ಪು ಅನ್ನುವುದಿಲ್ಲ, ಅಲ್ವಾ? ಈಗ ಊಹೆ ಮಾಡಿ. ಆ ವಾಚನವನ್ನು ಧ್ವನಿಮುದ್ರಿಸಿ, ಮಾರನೇ ದಿನ ಒಬ್ಬ ಮೃದಂಗದವರನ್ನು ಕರೆಸಿ, ಇದಕ್ಕೆ ನುಡಿಸಿ ಸ್ವಾಮಿ ಅಂದರೆ ಏನಾಗುತ್ತದೆ? ಸಿಡ್‌ನ ಮೊದಲ ಸ್ವಂತ ರೆಕಾರ್ಡಿನಲ್ಲಿ ಆಗಿದ್ದು ಅದೇ. ಆ ಕಥೆಗೆ ಬರುತ್ತೇನೆ. ಅದು ನನಗೆ ಬಹಳ ಇಷ್ಟವಾದ ಕಥೆ.

ಅದಕ್ಕೆ ಮೊದಲು ಅವನ ಪರಿಚಯ, ಬೇಗ ಬೇಗ. ಹುಟ್ಟಿದ್ದು 1946ರ ಜನವರಿ 6, ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ. ನಿಜವಾದ ಹೆಸರು ರಾಜರ್ ಕೀತ್ ಬ್ಯಾರೆಟ್. ತಂದೆ ಡಾಕ್ಟರು. ಮಗನಿಗೆ ಹದಿನಾರು ತುಂಬುವ ಮೊದಲೇ ತೀರಿಕೊಂಡರು. ಹುಡುಗ ಚಿತ್ರ ಬರೆಯುತ್ತಿದ್ದ, ಲಂಡನ್ನಿನ ಕ್ಯಾಂಬರ್‌ವೆಲ್ ಕಲಾ ಶಾಲೆಗೆ ಸೇರಿದ. ಅಲ್ಲಿ ಗೆಳೆಯರ ಜೊತೆ ಬ್ಯಾಂಡ್ ಶುರುವಾಯಿತು. ಪಿಂಕ್ ಆಂಡರ್ಸನ್, ಫ್ಲಾಯ್ಡ್ ಕೌನ್ಸಿಲ್ ಎಂಬ ಇಬ್ಬರು ಅಮೆರಿಕದ ಬ್ಲೂಸ್ ಹಾಡುಗಾರರ ಮೊದಲ ಹೆಸರುಗಳನ್ನು ಜೋಡಿಸಿ ಪಿಂಕ್ ಫ್ಲಾಯ್ಡ್ ಅಂತ ಹೆಸರಿಟ್ಟವನು ಸಿಡ್.

1967 ಪೂರ್ತಿ ಅವನದೇ ವರ್ಷ. ಮಾರ್ಚಿನಲ್ಲಿ ಬಂದ ಮೊದಲ ಹಾಡು ಆರ್ನಾಲ್ಡ್ ಲೇನ್. ಒಣಹಾಕಿದ ಹೆಂಗಸರ ಬಟ್ಟೆ ಕದಿಯುವ ಒಬ್ಬ ಮನುಷ್ಯನ ಹಾಡು ಅದು. ಕೇಂಬ್ರಿಜ್‌ನಲ್ಲಿ ನಿಜವಾಗಿ ನಡೆದ ಕಳ್ಳತನದಿಂದ ಹುಟ್ಟಿದ್ದು. ಒಂದು ರೇಡಿಯೊದವರು ಇದು ಅಸಭ್ಯ ಅಂತ ನಿಲ್ಲಿಸಿಯೇ ಬಿಟ್ಟರು. ಆಮೇಲೆ ಬಂದ ಸೀ ಎಮಿಲಿ ಪ್ಲೇ ಬ್ರಿಟನ್ನಿನ ಪಟ್ಟಿಯಲ್ಲಿ 6ನೇ ಸ್ಥಾನಕ್ಕೆ ಹೋಯಿತು. ಆಗಸ್ಟಿನಲ್ಲಿ ಮೊದಲ ಆಲ್ಬಮ್ ಬಂತು, ದಿ ಪೈಪರ್ ಅಟ್ ದ ಗೇಟ್ಸ್ ಆಫ್ ಡಾನ್. ಹನ್ನೊಂದು ಹಾಡುಗಳಲ್ಲಿ ಎಂಟು ಸಿಡ್ ಒಬ್ಬನೇ ಬರೆದದ್ದು. ಮುದ್ರಿಸಿದ್ದು ಲಂಡನ್ನಿನ ಅಬ್ಬಿ ರೋಡಿನ ಇಎಂಐ ಸ್ಟುಡಿಯೊದಲ್ಲಿ. ಆ ವಸಂತದಲ್ಲಿ ಅದೇ ಕಟ್ಟಡದಲ್ಲಿ ಬೀಟಲ್ಸ್ ಕೂಡ ಕೆಲಸ ಮಾಡುತ್ತಿದ್ದರು.

ಆ ಆಲ್ಬಮಿನ ಕೊನೆಯ ಹಾಡು ಬೈಕ್. ಒಬ್ಬ ಹುಡುಗ ಒಬ್ಬಳು ಹುಡುಗಿಗೆ ತನ್ನ ಹತ್ತಿರ ಇರುವ ವಸ್ತುಗಳನ್ನೆಲ್ಲ ತೋರಿಸುತ್ತಾನೆ. ಬುಟ್ಟಿ, ಗಂಟೆ ಎಲ್ಲ ಇರುವ ಸೈಕಲ್ಲು. ಕೊಟ್ಟುಬಿಡುತ್ತಿದ್ದನಂತೆ, ಆದರೆ ಅದು ಯಾರಿಂದಲೋ ಎರವಲು ತಂದದ್ದು! ಆಮೇಲೆ ಒಂದು ಹರಿದ ನಿಲುವಂಗಿ. ಮನೆಯಿಲ್ಲದ ಒಂದು ಇಲಿ, ಅದಕ್ಕೆ ಜೆರಾಲ್ಡ್ ಅಂತ ಹೆಸರು. ಈ ಹಾಡಿಗೆ ತೊಡೆ ತಟ್ಟಿ ನೋಡಿ. ನಾಲ್ಕರ ಲೆಕ್ಕ ಹಿಡಿದರೆ ಎರಡನೇ ಸಾಲಿಗೇ ಕೈ ತಪ್ಪುತ್ತದೆ. ಮಾತಿನ ಹಿಂದೆ ಹೋಗಿ, ಎಲ್ಲೂ ತಪ್ಪುವುದಿಲ್ಲ. ಗಮನಿಸಿ, ಇದು 1967. ಅವನು ಚೆನ್ನಾಗಿದ್ದ ಕಾಲದ ಹಾಡು. ತಲೆ ಕೆಟ್ಟಿದ್ದರಿಂದ ತಾಳ ತಪ್ಪುತ್ತಿದ್ದ ಅನ್ನುವವರಿಗೆ ನಾನು ಕೊಡುವ ಉತ್ತರ ಈ ಹಾಡು. ತಾಳ ಮೊದಲಿನಿಂದಲೂ ಹಾಗೇ ಇತ್ತು.

ಆ ವರ್ಷದ ಕೊನೆಗೆ ಅವನ ಮನಸ್ಸು ಕೆಟ್ಟಿತು, ನಿಜ. ಎಲ್‌ಎಸ್‌ಡಿ ಎಂಬ ಮಾದಕ ವಸ್ತುವನ್ನು ತುಂಬಾ ತೆಗೆದುಕೊಳ್ಳುತ್ತಿದ್ದ. ವೇದಿಕೆಯ ಮೇಲೆ ನುಡಿಸದೆ ಸುಮ್ನೆ ನಿಂತುಬಿಡುತ್ತಿದ್ದ. 1968ರ ಜನವರಿಯಲ್ಲಿ ಹಳೆಯ ಗೆಳೆಯ ಡೇವಿಡ್ ಗಿಲ್ಮೋರ್‌ನನ್ನು ತಂಡಕ್ಕೆ ಸೇರಿಸಿಕೊಂಡರು. ಆ ತಿಂಗಳೇ ಒಂದು ದಿನ ಕಾರ್ಯಕ್ರಮಕ್ಕೆ ಹೊರಟವರು ದಾರಿಯಲ್ಲಿ ಸಿಡ್‌ನನ್ನು ಕರೆದುಕೊಂಡು ಹೋಗುವುದು ಬೇಡ ಅಂತ ತೀರ್ಮಾನಿಸಿದರು. ಅಲ್ಲಿಗೆ ಮುಗಿಯಿತು. ಆ ದಿನಗಳ ಬಗ್ಗೆ ತಮಾಷೆಯ ಕಥೆ, ದುಃಖದ ಕಥೆ ಬೇಕಾದಷ್ಟು ಇವೆ. ರೆಕಾರ್ಡಿನಲ್ಲಿ ಇಲ್ಲದ ಕಥೆ ಇವತ್ತು ಬೇಡ.

ಈಗ ನನ್ನ ಕಥೆ. 1969ರ ವಸಂತ. ಸಿಡ್‌ಗೆ ಇಪ್ಪತ್ತಮೂರು ವರ್ಷ. ಮತ್ತೆ ಮುದ್ರಣ ಮಾಡುತ್ತೇನೆ ಅಂತ ಅವನೇ ಹೇಳಿಕಳಿಸಿದ. ಹಾರ್ವೆಸ್ಟ್ ಎಂಬ ರೆಕಾರ್ಡ್ ಕಂಪನಿಯ ಮುಖ್ಯಸ್ಥ ಮಾಲ್ಕಮ್ ಜೋನ್ಸ್, ಆಯಿತು ಬಾ ಅಂದ. ತಾನೇ ಸ್ಟುಡಿಯೊಗೆ ಬಂದು ಕೂತ.

ಇಲ್ಲಿ ಒಂದು ವಿಷಯ ಗೊತ್ತಿರಬೇಕು. ರಾಕ್ ಹಾಡನ್ನು ಸಾಮಾನ್ಯವಾಗಿ ಹೇಗೆ ಮುದ್ರಿಸುತ್ತಾರೆ? ಮೊದಲು ಡ್ರಮ್ಸ್, ಬೇಸ್ ಗಿಟಾರ್. ಅದರ ಮೇಲೆ ಉಳಿದ ವಾದ್ಯ. ಕೊನೆಗೆ ಹಾಡುವವನು ಬಂದು, ಎಲ್ಲ ಸಿದ್ಧವಾದ ಮೇಲೆ, ಹಾಡಿ ಹೋಗುತ್ತಾನೆ. ಸಿಡ್‌ನದು ಉಲ್ಟಾ. ಅವನು ಗಿಟಾರ್ ಹಿಡಿದು ಕೂತು, ಹಾಡಿ, ನುಡಿಸಿ ಮುಗಿಸಿಬಿಡುತ್ತಿದ್ದ. ಉಳಿದವರು ಆಮೇಲೆ ಬಂದು ಅದರ ಮೇಲೆ ನುಡಿಸಬೇಕು. ನಾಲ್ಕರ ಲೆಕ್ಕದವರಿಗೆ ಇದು ಕಷ್ಟವಲ್ಲ, ಎಣಿಸಿಕೊಂಡು ಹೋದರಾಯಿತು. ಇಲ್ಲಿ ಏನನ್ನು ಎಣಿಸುವುದು? ಮಾತು ಮುಗಿದಲ್ಲಿ ತಾಳ ಮುಗಿಯುತ್ತದೆ!

ಏಪ್ರಿಲಿನಲ್ಲಿ ಒಂದು ದಿನ ಇಬ್ಬರು ಬಂದರು. ಡ್ರಮ್ಸಿಗೆ ಜೆರಿ ಶರ್ಲಿ, ಬೇಸ್ ಗಿಟಾರಿಗೆ ವಿಲ್ಲಿ ವಿಲ್ಸನ್. ವಿಲ್ಸನ್ ನಿಜವಾಗಿ ಡ್ರಮ್ಸಿನವನು, ಅವತ್ತು ಬೇಸ್ ಹಿಡಿದ. ಇವರು ಸಿಡ್‌ನ ಜೊತೆಗೇ ಕೂತು ನುಡಿಸಿದರು. ಆಗಲೂ ಅವನ ಜೊತೆ ನುಡಿಸಲು ಆಗಲಿಲ್ಲ, ಅವನನ್ನು ಹಿಂಬಾಲಿಸಬೇಕಾಯಿತು ಅಂತ ಜೋನ್ಸ್ ಆಮೇಲೆ ಬರೆದ. ಅವನ ಕೈ ನೋಡುವುದು, ಆಮೇಲೆ ನುಡಿಸುವುದು. ನೋಡಿ ನುಡಿಸುವವನು ಯಾವಾಗಲೂ ಒಂದು ಸ್ವರ ಹಿಂದೆಯೇ ಇರುತ್ತಾನೆ, ಅಲ್ವಾ? ಆ ಹಿಂದೆ ಬೀಳುವಿಕೆ ರೆಕಾರ್ಡಿನಲ್ಲಿ ಇವತ್ತೂ ಕೇಳಿಸುತ್ತದೆ.

ಮೇ ತಿಂಗಳು ಬಂತು. ಈಗ ಬಂದವರು ಸಾಮಾನ್ಯರಲ್ಲ. ಸಾಫ್ಟ್ ಮೆಷೀನ್ ಅನ್ನುವ ತಂಡ. ಡ್ರಮ್ಸಿಗೆ ರಾಬರ್ಟ್ ವಯಾಟ್, ಬೇಸಿಗೆ ಹ್ಯೂ ಹಾಪರ್, ಕೀಬೋರ್ಡಿಗೆ ಮೈಕ್ ರ‍್ಯಾಟ್ಲೆಜ್. ಇವರು ಏಳರ ಲೆಕ್ಕ, ಹನ್ನೊಂದರ ಲೆಕ್ಕ ಎಲ್ಲ ಸಲೀಸಾಗಿ ನುಡಿಸುವವರು. ಲಂಡನ್ನಿನಲ್ಲಿ ತಾಳದ ವಿಷಯದಲ್ಲಿ ಇವರನ್ನು ಹೆದರಿಸುವುದು ಕಷ್ಟ. ಇವರಿಗೆ ಸಿಡ್‌ನ ಟೇಪ್ ಹಾಕಿದರು. ನೋ ಗುಡ್ ಟ್ರೈಯಿಂಗ್ ಅನ್ನುವ ಹಾಡು. ಹಾಡು ಹೋಗುತ್ತಿದೆ, ಇವರು ಎಣಿಸುತ್ತಿದ್ದಾರೆ. ಏಳೂ ಅಲ್ಲ, ಹನ್ನೊಂದೂ ಅಲ್ಲ. ಹನ್ನೊಂದಾದರೂ ಪ್ರತಿ ಸಲ ಹನ್ನೊಂದೇ ಬರಬೇಕು ತಾನೆ? ಇಲ್ಲಿ ಒಂದು ಸಾಲಿಗೆ ಒಂದು ಲೆಕ್ಕ, ಮುಂದಿನ ಸಾಲಿಗೆ ಬೇರೆ ಲೆಕ್ಕ.

ವಯಾಟ್ ಸಿಡ್‌ನನ್ನೇ ಕೇಳಿದ. ಸಿಡ್, ಇದು ಯಾವ ಸ್ಕೇಲು, ಅಂದರೆ ಯಾವ ಶ್ರುತಿ? ಸಂಗೀತಗಾರ ಸಂಗೀತಗಾರನನ್ನು ಕೇಳುವ ಸಾದಾ ಪ್ರಶ್ನೆ. ಸಿಡ್ ಹೇಳಿದ, "ಹೌದು." ಅಷ್ಟೇ ಉತ್ತರ! ಇಲ್ಲದಿದ್ದರೆ, ಅದು ತಮಾಷೆಯಾಗಿದೆ, ಅನ್ನುತ್ತಿದ್ದ. ಸ್ಕೇಲ್ ಯಾವುದು ಅಂದರೆ ಹೌದು!

ನಾನು ಇದನ್ನು ನೆನೆದು ಎಷ್ಟು ಸಲ ನಕ್ಕಿದ್ದೇನೋ. ಆದರೆ ನಕ್ಕು ಬಿಡುವ ಮಾತಲ್ಲ ಇದು. ಸಿಡ್ ಯಾಕೆ ಹೇಳಲಿಲ್ಲ? ಮೈ ಸರಿಯಿರಲಿಲ್ಲ, ಮನಸ್ಸು ಸರಿಯಿರಲಿಲ್ಲ ಅಂತ ನೀವು ಹೇಳಬಹುದು. ನಾನು ಮೇಷ್ಟ್ರಾಗಿ ಹೇಳುತ್ತೇನೆ, ಅವನಿಗೆ ಹೇಳಲು ಏನೂ ಇರಲಿಲ್ಲ. ಟೇಪಿನಲ್ಲಿ ಹಾಡು ಇದೆಯಲ್ಲ, ಮಾತು ಕೇಳಿಸುತ್ತಿದೆಯಲ್ಲ, ಅದನ್ನೇ ಹಿಡಿದು ಹೋಗಿ. ಇನ್ನೇನು ಬೇಕು?

ಆ ಮೂವರು ಹೋದರು. ಎಡವುತ್ತಾ ಹೋದರು, ಆದರೆ ಬಿಡಲಿಲ್ಲ. ಇದೆಲ್ಲ ಅಭ್ಯಾಸಕ್ಕೆ ನುಡಿಸುತ್ತಿರುವುದು ಅಂತ ವಯಾಟ್ ಅಂದುಕೊಂಡಿದ್ದನಂತೆ. ಅಸಲಿ ಮುದ್ರಣ ಇನ್ನೊಂದು ದಿನ ಇರುತ್ತದೆ ಅಂತ. ಅದು ಬರಲೇ ಇಲ್ಲ. ಅಭ್ಯಾಸ ಅಂದುಕೊಂಡದ್ದೇ ರೆಕಾರ್ಡಾಗಿ ಅಂಗಡಿಗೆ ಬಂತು. ನೋ ಗುಡ್ ಟ್ರೈಯಿಂಗ್ ಕೇಳುವಾಗ ಸಾಲಿನ ಕೊನೆಗಳನ್ನು ಗಮನಿಸಿ. ಸಿಡ್ ತಿರುಗುತ್ತಾನೆ. ಡ್ರಮ್ಸು ಅರೆ ಕ್ಷಣ ತಡವರಿಸುತ್ತದೆ, ಹಿಡಿದುಕೊಳ್ಳುತ್ತದೆ. ಮತ್ತೆ ಸಿಡ್ ತಿರುಗುತ್ತಾನೆ. ಇಡೀ ಹಾಡಿನಲ್ಲಿ ದಾರಿ ಗೊತ್ತಿರುವವನು ಅವನೊಬ್ಬನೇ. ಉಳಿದ ಮೂವರು, ಅಷ್ಟು ದೊಡ್ಡ ವಾದಕರು, ಹುಡುಕುತ್ತಿದ್ದಾರೆ. ಈ ಹುಡುಕಾಟ ಕೇಳುವುದಕ್ಕೆ ಎಷ್ಟು ಚೆನ್ನಾಗಿದೆ ಗೊತ್ತಾ! ಕಲಾವಿದರು ತಿದ್ದಿ ತೀಡಿ ಕೊಟ್ಟ ಎಷ್ಟೋ ರೆಕಾರ್ಡುಗಳಲ್ಲಿ ಈ ಸುಖ ನನಗೆ ಸಿಕ್ಕಿಲ್ಲ. ಯಾರು ತಪ್ಪು, ಯಾರು ಸರಿ ಅಂತ ಕೇಳಬೇಡಿ. ಆದರೂ ಕೇಳಿದರೆ ಹೇಳುತ್ತೇನೆ, ಸಿಡ್ ಸರಿ.

ಈ ಒಂದು ಕಥೆಗೇ ಅರ್ಧಕ್ಕಿಂತ ಜಾಸ್ತಿ ಸಮಯ ಹೋಯಿತು. ಇರಲಿ. ಉಳಿದದ್ದನ್ನು ಓಡಿಸಿಕೊಂಡು ಹೋಗೋಣ.

ಆ ಆಲ್ಬಮಿನ ಹೆಸರು ದಿ ಮ್ಯಾಡ್‌ಕ್ಯಾಪ್ ಲಾಫ್ಸ್. ಬಂದದ್ದು 1970ರ ಜನವರಿಯಲ್ಲಿ. ಒಟ್ಟು ಹದಿಮೂರು ಹಾಡು. ಕೊನೆಯ ಹಂತದ ಕೆಲಸವನ್ನು ಗಿಲ್ಮೋರ್ ಮತ್ತು ಪಿಂಕ್ ಫ್ಲಾಯ್ಡಿನ ರಾಜರ್ ವಾಟರ್ಸ್ ಸೇರಿ ಮುಗಿಸಿದರು. ತಮ್ಮ ತಂಡದ ಕೆಲಸದ ನಡುವೆ, ಅವಸರದಲ್ಲಿ. ಅದರಲ್ಲಿ ಇಫ್ ಇಟ್ಸ್ ಇನ್ ಯು ಅಂತ ಒಂದು ಹಾಡಿದೆ. ಶುರುವಿನಲ್ಲೇ ಸಿಡ್‌ನ ಧ್ವನಿ ಒಡೆಯುತ್ತದೆ, ನಿಲ್ಲಿಸುತ್ತಾನೆ, ಮತ್ತೆ ಶುರು ಮಾಡುತ್ತಾನೆ. ಅದನ್ನು ಕತ್ತರಿಸಿ ತೆಗೆಯುವುದು ಒಂದು ನಿಮಿಷದ ಕೆಲಸ. ತೆಗೆಯಲಿಲ್ಲ, ಹಾಗೇ ರೆಕಾರ್ಡಿಗೆ ಹಾಕಿದರು. ಮಾಲ್ಕಮ್ ಜೋನ್ಸ್‌ಗೆ ಇದು ಹಿಡಿಸಲಿಲ್ಲ. ನನಗೂ ಹಿಡಿಸುವುದಿಲ್ಲ. ಜನ ಆ ಭಾಗವನ್ನೇ ಹಾಕಿ, ನೋಡಿ ಪಾಪ ಅನ್ನುತ್ತಾರೆ. ಪಾಪ ಅನ್ನುವುದಕ್ಕೆ ಹಾಡು ಕೇಳಬೇಕಾ?

ಅದೇ ಆಲ್ಬಮಿನಲ್ಲಿ ಡಾರ್ಕ್ ಗ್ಲೋಬ್ ಇದೆ. ಒಂದು ಗಿಟಾರ್, ಒಂದು ಧ್ವನಿ, ಬೇರೇನೂ ಇಲ್ಲ. ಎರಡೇ ಚಿಲ್ಲರೆ ನಿಮಿಷ. ಸ್ವರ ಮೇಲೆ ಹೋದಾಗ ಧ್ವನಿ ಕಿರುಚುವಂತಾಗುತ್ತದೆ. ಇಲ್ಲಿ ಹಿಂಬಾಲಿಸುವವರೇ ಇಲ್ಲದ್ದರಿಂದ ಅವನ ತಾಳ ತೊಳೆದಿಟ್ಟ ಹಾಗೆ ಸ್ಪಷ್ಟವಾಗಿ ಕೇಳಿಸುತ್ತದೆ. ಗೋಲ್ಡನ್ ಹೇರ್ ಅನ್ನುವುದು ಜೇಮ್ಸ್ ಜಾಯ್ಸ್‌ನ ಒಂದು ಪುಟ್ಟ ಕವಿತೆ, ಸಿಡ್ ರಾಗ ಹಾಕಿದ್ದು. ಬೇರೆಯವರ ಪದ್ಯಕ್ಕೂ ಅದೇ ನಿಯಮ. ಮಾತು ಮುಗಿದಲ್ಲಿ ತಾಳ.

ಎರಡನೇ ಆಲ್ಬಮಿನ ಹೆಸರು ಬ್ಯಾರೆಟ್, ಅದೇ ವರ್ಷದ ನವೆಂಬರಿನಲ್ಲಿ ಬಂತು. ಹನ್ನೆರಡು ಹಾಡು. ಹೊದಿಕೆಯ ಮೇಲಿನ ಹುಳುಹುಪ್ಪಟೆಯ ಚಿತ್ರಗಳು ಸಿಡ್ ಬರೆದದ್ದೇ. ಗಿಲ್ಮೋರ್ ಮತ್ತು ಪಿಂಕ್ ಫ್ಲಾಯ್ಡಿನ ಕೀಬೋರ್ಡ್ ವಾದಕ ರಿಕ್ ರೈಟ್ ಇದನ್ನು ಮುದ್ರಿಸಿದರು. ಗಿಲ್ಮೋರ್‌ನನ್ನು ನಾನು ಇಲ್ಲಿ ಹೊಗಳಲೇಬೇಕು. ಸಿಡ್ ಜೊತೆ ಕೆಲಸ ಮಾಡಲು ಮೂರು ದಾರಿ ಇದ್ದವು ಅಂತ ಅವನು ಹೇಳಿದ್ದಾನೆ. ಅವನ ಜೊತೆಗೇ ಕೂತು ನುಡಿಸುವುದು. ಅದು ಸಾಧ್ಯವಾದದ್ದು ಜಿಗೊಲೊ ಆಂಟ್ ಎಂಬ ಹಾಡಿನಲ್ಲಿ ಮಾತ್ರ. ಇಲ್ಲವೇ ಮೊದಲೇ ವಾದ್ಯಗಳನ್ನು ಮುದ್ರಿಸಿ ಅದರ ಮೇಲೆ ಅವನನ್ನು ಹಾಡಿಸುವುದು. ಅದೂ ಆಗದಿದ್ದರೆ ಅವನು ಹಾಡಿಬಿಟ್ಟ ಮೇಲೆ ಉಳಿದದ್ದನ್ನು ಕಟ್ಟಿಕೊಳ್ಳುವುದು.

ಡಾಮಿನೋಸ್ ಅನ್ನುವ ಹಾಡಿಗೆ ಗಿಟಾರ್ ಬೇಕಿತ್ತು. ಸಿಡ್ ನುಡಿಸಿದ್ದು ಯಾವುದೂ ಸರಿಹೋಗಲಿಲ್ಲ. ಗಿಲ್ಮೋರ್ ಟೇಪನ್ನು ತಿರುಗಿಸಿ ಉಲ್ಟಾ ಓಡಿಸಿದ. ಹಾಡು ಕೊನೆಯಿಂದ ಶುರುವಿನ ಕಡೆಗೆ ಕೇಳಿಸುತ್ತಿದೆ, ಸಿಡ್ ಅದಕ್ಕೆ ನುಡಿಸಿದ. ಒಂದೇ ಸಲಕ್ಕೆ! ಟೇಪನ್ನು ಮತ್ತೆ ಸರಿ ಮಾಡಿ ಹಾಕಿದರೆ ಗಿಟಾರ್ ಜಾಗಕ್ಕೆ ಜಾಗ ಕೂತಿತ್ತು. ನನ್ನ ವಿದ್ಯಾರ್ಥಿಗಳಿಗೆ ಸರಿಯಾಗಿ ಓಡುವ ಟೇಪಿಗೇ ನುಡಿಸಲು ಬರುವುದಿಲ್ಲ, ಆ ಮಾತು ಬೇಡ. ಬೇಬಿ ಲೆಮನೇಡ್ ಹಾಡಿನ ಶುರುವಿನಲ್ಲಿ ಬರುವ ಗಿಟಾರ್ ಕೂಡ ಹೀಗೇ ಸಿಕ್ಕಿದ್ದು. ಸಿಡ್ ಸುಮ್ನೆ ಕೈ ಬಿಸಿ ಮಾಡಿಕೊಳ್ಳುತ್ತಿದ್ದ, ಗಿಲ್ಮೋರ್ ಮುದ್ರಿಸಿಕೊಂಡುಬಿಟ್ಟ.

ಮನೆಯಲ್ಲಿ ಮಕ್ಕಳಿದ್ದರೆ ಎಫರ್ವೆಸಿಂಗ್ ಎಲಿಫೆಂಟ್ ಹಾಕಿ. ಎರಡು ನಿಮಿಷವೂ ಇಲ್ಲ. ಆನೆಯೊಂದು ಹುಲಿ ಬರುತ್ತದೆ ಅಂತ ಒಂದು ಚಿಕ್ಕ ಪ್ರಾಣಿಯ ಕಿವಿಯಲ್ಲಿ ಹೇಳುತ್ತದೆ, ಸುದ್ದಿ ಕಾಡೆಲ್ಲ ಹರಡುತ್ತದೆ. ಎಲ್ಲರೂ ಹೆದರಿ ಓಡಾಡುತ್ತಾರೆ, ಕೊನೆಗೆ ಹುಲಿ ಆನೆಯನ್ನೇ ತಿಂದುಬಿಡುತ್ತದೆ. ಟ್ಯೂಬಾ ಅನ್ನುವ ದಪ್ಪ ಕಹಳೆ ಇದೆ ಅದರಲ್ಲಿ. ಸಿಡ್ ಇದನ್ನು ಹುಡುಗನಾಗಿದ್ದಾಗಲೇ ಬರೆದಿದ್ದ.

ಆಮೇಲೆ? ಸ್ಟುಡಿಯೊದ ಹಾಡು ಇಷ್ಟೇ. 1974ರಲ್ಲಿ ಅಬ್ಬಿ ರೋಡಿಗೆ ಮತ್ತೊಮ್ಮೆ ಬಂದ, ಕೆಲವು ದಿನ ಗಿಟಾರ್ ನುಡಿಸಿದ, ಹಾಡಲಿಲ್ಲ, ಹೋದ. ಮುಂದಿನ ವರ್ಷ ಪಿಂಕ್ ಫ್ಲಾಯ್ಡ್ ಅವನ ಮೇಲೆ ಕಟ್ಟಿದ ಹಾಡನ್ನು ಮುದ್ರಿಸುತ್ತಿದ್ದಾಗ ತಲೆ, ಹುಬ್ಬು ಎಲ್ಲ ಬೋಳಿಸಿಕೊಂಡು ಸ್ಟುಡಿಯೊಗೆ ಬಂದು ನಿಂತ, ಯಾರಿಗೂ ಗುರುತು ಸಿಗಲಿಲ್ಲ ಅನ್ನುವ ಕಥೆ ನಿಮಗೆ ಎಲ್ಲಾದರೂ ಸಿಗುತ್ತದೆ. ನಾನು ಹೇಳುವುದಿಲ್ಲ. ಅವನು ಕೇಂಬ್ರಿಜ್‌ಗೆ ವಾಪಸು ಹೋಗಿ ಚಿತ್ರ ಬರೆದುಕೊಂಡು, ತೋಟ ನೋಡಿಕೊಂಡು ಇದ್ದ. 2006ರ ಜುಲೈ 7ರಂದು ತೀರಿಕೊಂಡ. ಅವನ ಹಾಡಿನ ದುಡ್ಡು ಅವನಿಗೆ ಸರಿಯಾಗಿ ತಲುಪುವಂತೆ ಗಿಲ್ಮೋರ್ ಕೊನೆಯವರೆಗೂ ನೋಡಿಕೊಂಡ. ಇದನ್ನು ಮಾತ್ರ ಹೇಳದೆ ಬಿಡಲಾರೆ.

ಸಿಡ್‌ನ ಹಾಡನ್ನು ಇಂಗ್ಲೆಂಡಿನ ಹಾಡುಗಾರ ಡೇವಿಡ್ ಬೋವಿ 1973ರಲ್ಲೇ ಹಾಡಿದ. ಅಮೆರಿಕದ ಆರ್‌ಇಎಂ ತಂಡ ಡಾರ್ಕ್ ಗ್ಲೋಬ್ ಹಾಡಿತು. ಹೊಸಬರು ಹಾಡುವಾಗ ಸಾಮಾನ್ಯವಾಗಿ ಮಾಡುವ ಕೆಲಸ ಒಂದಿದೆ. ಅವನ ತಾಳವನ್ನು ಇಸ್ತ್ರಿ ಹೊಡೆದು ನಾಲ್ಕಕ್ಕೆ ಕೂರಿಸುತ್ತಾರೆ. ದಯವಿಟ್ಟು ನೀವು ಹಾಗೆ ಮಾಡಬೇಡಿ. ಈ ಮಾತು ಕೇಳುತ್ತಿರುವ ಗಿಟಾರಿನ ಹುಡುಗ ಹುಡುಗಿಯರಿಗೆ ಹೇಳುತ್ತಿದ್ದೇನೆ.

ಎಲ್ಲಿಂದ ಶುರು ಮಾಡುವುದು ಅಂತ ಕೇಳುತ್ತೀರಿ. ಮೊದಲು ಬೈಕ್ ಕೇಳಿ, ನಗು ಬರುತ್ತದೆ. ಆಮೇಲೆ ಟೆರಪಿನ್. ಮ್ಯಾಡ್‌ಕ್ಯಾಪ್ ಆಲ್ಬಮಿನ ಮೊದಲ ಹಾಡು, ನಿಧಾನ, ಮೆತ್ತಗೆ. ಅದಾದ ಮೇಲೆ ನೋ ಗುಡ್ ಟ್ರೈಯಿಂಗ್, ಈ ಸಲ ವಯಾಟ್‌ನ ಡ್ರಮ್ಸಿಗೆ ಕಿವಿಗೊಟ್ಟು. ಕೊನೆಗೆ ಓಪೆಲ್. ಇದು 1969ರಲ್ಲೇ ಮುದ್ರಣವಾಗಿದ್ದ ಹಾಡು. ಆರು ನಿಮಿಷಕ್ಕೂ ಜಾಸ್ತಿ ಇದೆ. ಆಲ್ಬಮಿಗೆ ಹಾಕದೆ ಬಿಟ್ಟಿದ್ದರು, 1988ರಲ್ಲಿ ಹೊರಗೆ ಬಂತು. ಇಷ್ಟು ಒಳ್ಳೆಯ ಹಾಡನ್ನು ಹತ್ತೊಂಬತ್ತು ವರ್ಷ ಕಪಾಟಿನಲ್ಲಿ ಇಟ್ಟವರಿಗೆ ಏನು ಹೇಳುವುದು, ನೀವೇ ಹೇಳಿ. ಕೇಳುವಾಗ ಎಣಿಸಬೇಡಿ, ಮಾತಿನ ಹಿಂದೆ ಹೋಗಿ. ಕೇಳಿ ಆದ ಮೇಲೆ ಅವನ ಬದುಕಿನ ವಿಡಿಯೊ ಎಷ್ಟು ಬೇಕಾದರೂ ನೋಡಿಕೊಳ್ಳಿ, ನನ್ನ ಅಡ್ಡಿಯಿಲ್ಲ.

ಇಷ್ಟು ಹೊತ್ತು ಕೇಳಿದ್ದಕ್ಕೆ ನಿಮಗೂ, ಕರೆದು ಮಾತಾಡಿಸಿದ ನಿಲಯದವರಿಗೂ ನಮಸ್ಕಾರ.